‘ನೀರು ಬದಲಿಸಿ’ ಎಂದಷ್ಟೇ ಹೇಳಿದಾಗ: ಒಂದು ಆಪ್ತಸಲಹೆ ಪ್ರಕರಣ

ಹವ್ಯಾಸಿಗಳ ಆನ್‌ಲೈನ್ ಬಳಗಗಳಲ್ಲಿ ಸಲಹೆ ಕೊಡಲು ಹೋಗಿ ಮನಸ್ಸು ಕೆಡಿಸಿಕೊಂಡವರು ನನ್ನ ಬಳಿಗೆ ಬರುವುದು ಈಗ ಅಪರೂಪವಲ್ಲ. ಕೆಲವರಿಗೆ ‘ಇಷ್ಟುದ್ದ ಯಾರು ಓದುತ್ತಾರೆ’ ಎಂಬ ಮಾತು ಚುಚ್ಚಿರುತ್ತದೆ. ಇನ್ನು ಕೆಲವರಿಗೆ ಒಂದೇ ಸಾಲಿನಲ್ಲಿ ಉತ್ತರಿಸಿದ್ದಕ್ಕೆ ಸೊಕ್ಕಿನವರೆಂಬ ಹೆಸರು ಅಂಟಿಕೊಂಡಿರುತ್ತದೆ. ಅಂಥ ಹಲವು ಪ್ರಕರಣಗಳಲ್ಲಿ ಇದೊಂದನ್ನು ಬರೆಯಲು ಹೊರಟಿರುವುದಕ್ಕೆ ಕಾರಣವಿದೆ: ಇದರಲ್ಲಿ ಎಡವಿದವಳು ನಾನು. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ, ಅವರ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಬಂದವರು ನಿವೃತ್ತರು, ಎರಡು ದಶಕಗಳಿಂದ ಅಕ್ವೇರಿಯಂ ಮೀನು ಸಾಕುತ್ತಿರುವವರು. ನಿದ್ದೆ ಬರುತ್ತಿಲ್ಲ, ಸಣ್ಣಪುಟ್ಟದ್ದಕ್ಕೂ ಸಿಟ್ಟು ಬರುತ್ತಿದೆ ಎಂಬುದು ಅವರ ದೂರು. ಮಾತಾಡುತ್ತ ಹೋದಂತೆ, ಮೀನು ಸಾಕುವವರ ಬಳಗವೊಂದರಲ್ಲಿ ಹೊಸಬರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ನಡುರಾತ್ರಿಯವರೆಗೆ ಕೂರುತ್ತಾರೆಂದು ತಿಳಿಯಿತು. ಫೋನಿನಲ್ಲಿ ಒಂದು ಉತ್ತರವನ್ನು ತೋರಿಸಿದರು. ‘ಹೊಸ ಟ್ಯಾಂಕ್, ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಿಡುತ್ತಿವೆ, ಏನು ಮಾಡಲಿ?’ ಎಂದು ಯಾರೋ ಕೇಳಿದ್ದರು. ಇವರ ಉತ್ತರ ಮೀನಿನ ಕಿವಿರುಗಳಿಂದ ಅಮೋನಿಯಾ ಹೊರಬೀಳುವುದರಿಂದ ತೊಡಗಿ, ಅದನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬಗೆಯನ್ನು ವಿವರಿಸಿ, ಆ ಬ್ಯಾಕ್ಟೀರಿಯಾಗಳು ಹೊಸ ಟ್ಯಾಂಕಿನ ಫಿಲ್ಟರಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆಂದು ತಿಳಿಸಿ, ನೀರಿನ ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಏಕೆ ಹೆಚ್ಚುತ್ತದೆಂಬಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಹೆಬ್ಬೆರಳು ಪರದೆಯನ್ನು ಏಳೆಂಟು ಸಲ ಮೇಲಕ್ಕೆ ಸರಿಸಿತ್ತು. ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈಗ ಏನು ಮಾಡಬೇಕು ಎಂಬುದು ಹನ್ನೊಂದನೆಯ ಪ್ಯಾರಾದಲ್ಲಿತ್ತು. ಅಷ್ಟರೊಳಗೆ ಇನ್ನೊಬ್ಬರು ‘ಅರ್ಧ ನೀರು ಬದಲಿಸಿ’ ಎಂದು ಬರೆದಾಗಿತ್ತು. ಧನ್ಯವಾದವೆಲ್ಲ ಅವರಿಗೆ ಸಂದಿತ್ತು.

“ಮೂರು ವಾಕ್ಯ ಮೀರದ ಹಾಗೆ ಬರೆದು ನೋಡಿ ಸರ್. ಓದುವವರಿಗೂ ಹಗುರ, ನಿಮಗೂ ನಿದ್ದೆ ಬಂದೀತು” ಎಂದೆ. ಈ ಸಲಹೆ ಬುಡವಿಲ್ಲದ್ದೇನಲ್ಲ ಎಂದು ಇಂದಿಗೂ ನಂಬುತ್ತೇನೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ನ್ಯೂಟನ್ ನಡೆಸಿದ ಪ್ರಯೋಗದಲ್ಲಿ ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಿದರು, ಎದುರಿಗಿದ್ದವರು ಹಾಡು ಯಾವುದೆಂದು ಊಹಿಸಬೇಕಿತ್ತು. ಕೇಳುವವರಲ್ಲಿ ಅರ್ಧದಷ್ಟು ಜನ ಗುರುತಿಸುತ್ತಾರೆಂದು ತಟ್ಟುವವರು ಅಂದಾಜು ಮಾಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು ಮೂರಕ್ಕೆ. ತಟ್ಟುವವರ ತಲೆಯಲ್ಲಿ ಹಾಡು ನಡೆಯುತ್ತಿರುತ್ತದೆ, ಕೇಳುವವರ ಕಿವಿಗೆ ಬೀಳುವುದು ಬರಿಯ ಟಕಟಕ. ಬಲ್ಲವರ ದೀರ್ಘ ವಿವರಣೆಯೂ ಹೊಸಬರಿಗೆ ಹೀಗೆಯೇ ಕೇಳಿಸುತ್ತದೆಂದು ವಿವರಿಸಿದೆ. ಅವರು ತಲೆಯಾಡಿಸಿ ಹೋದರು. ಆ ಭೇಟಿ ಚೆನ್ನಾಗಿ ನಡೆಯಿತೆಂದು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ.

ಮೂರು ವಾರಗಳ ನಂತರ ಬಂದವರು ಕುಳಿತುಕೊಳ್ಳುವ ಮೊದಲೇ ಫೋನನ್ನು ನನ್ನ ಮುಂದಿಟ್ಟರು. ‘ನೀರು ಮಬ್ಬಾಗಿದೆ, ಮೀನುಗಳು ಮಂಕಾಗಿವೆ’ ಎಂದು ಒಬ್ಬರು ಕೇಳಿದ್ದರು. ಇವರು ‘ನೀರು ಬದಲಿಸಿ’ ಎಂದು ಎರಡೇ ಪದಗಳ ಉತ್ತರ ಬರೆದಿದ್ದರು. ಕೇಳಿದವರು ಹೇಳಿದ್ದನ್ನು ಹೇಳಿದಂತೆಯೇ ಮಾಡಿದ್ದರು: ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ತೊಳೆದು, ಕ್ಲೋರಿನ್ ಹೋಗಲಾಡಿಸದೆಯೇ ನಲ್ಲಿ ನೀರನ್ನು ತುಂಬಿಸಿದ್ದರು. ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಇರುವುದು ಮುಖ್ಯವಾಗಿ ಆ ಸ್ಪಂಜಿನಲ್ಲಿ. ಕ್ಲೋರಿನ್ ಅದನ್ನೂ ಕೊಲ್ಲುತ್ತದೆ, ಮೀನಿನ ಕಿವಿರನ್ನೂ ಸುಡುತ್ತದೆ. ಮೂರನೆಯ ದಿನ ಆ ಟ್ಯಾಂಕಿನಲ್ಲಿ ಜೀವಂತ ಮೀನು ಒಂದೂ ಉಳಿದಿರಲಿಲ್ಲ.

“ಕಾಲು ಭಾಗ ನೀರು ಮಾತ್ರ ತೆಗೆಯಿರಿ, ತೆಗೆದ ನೀರಿನಲ್ಲೇ ಸ್ಪಂಜು ಹಿಂಡಿ ಅಂತ ಹೇಳಬೇಕು ಅನ್ನುವುದು ನನಗೆ ಗೊತ್ತಿತ್ತು ಮೇಡಂ. ಬರೆದು ಅಳಿಸಿದೆ. ಉದ್ದವಾಗುತ್ತೆ ಅಂತ.”

ನಾನು ಏನೋ ಸಮಾಧಾನ ಹೇಳಲು ಹೊರಟೆ. ಅವರು ಕೈಯೆತ್ತಿ ತಡೆದರು. “ನನ್ನ ಮೊದಲನೇ ಟ್ಯಾಂಕು ಹೋದದ್ದೂ ಹೀಗೆಯೇ. ಮೀನು ಕೊಟ್ಟವರನ್ನು ಕೇಳಿದ್ದೆ, ನೀರು ಬದಲಿಸಿ ಅಂದಿದ್ದರು, ಅಷ್ಟೇ. ಹದಿನಾಲ್ಕು ಮೀನು. ಆಮೇಲೆ ನಾನು ಯಾರಿಗೂ ಅರ್ಧಂಬರ್ಧ ಹೇಳಬಾರದು ಅಂದುಕೊಂಡಿದ್ದೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, ಸಿಟ್ಟಿಲ್ಲದೆ, ಲೆಕ್ಕ ಒಪ್ಪಿಸುವವರಂತೆ ಅಂದರು: “ನಾನು ಯಾಕೆ ಉದ್ದ ಬರೀತೀನಿ ಅಂತ ನೀವು ಕೇಳಲೇ ಇಲ್ಲವಲ್ಲ. ನೀವೂ ಒಂದು ಸಾಲಿನ ಉತ್ತರ ಕೊಟ್ಟು ಕಳಿಸಿದಿರಿ.”

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರಾಲ್‌ನಿಕ್ ರೂಪಿಸಿದ ಪ್ರೇರಣಾತ್ಮಕ ಸಂದರ್ಶನವೆಂಬ ಆಪ್ತಸಲಹೆಯ ಪದ್ಧತಿಯನ್ನು ಕಲಿತವಳು ನಾನು. ಎದುರಿಗಿರುವವರ ತೊಂದರೆ ಕಂಡ ಕೂಡಲೇ ಅದನ್ನು ನೆಟ್ಟಗೆ ಮಾಡಿಬಿಡುವ ತವಕವನ್ನು ಹತ್ತಿಕ್ಕಬೇಕು, ಮೊದಲು ಅವರಿಗೆ ಏನು ಗೊತ್ತು, ಏನು ಬೇಕು ಎಂದು ಕೇಳಬೇಕು, ಬಳಿಕ ಬೇಕಾದಷ್ಟು ಹೇಳಬೇಕು, ಹೇಳಿದ್ದು ಹೇಗೆ ತಲುಪಿತೆಂದು ಮತ್ತೆ ಕೇಳಬೇಕು ಎಂಬುದು ಅದರ ಮೊದಲ ಪಾಠಗಳಲ್ಲೊಂದು. ಉತ್ತರದ ಉದ್ದವೇ ರೋಗವೆಂದು ತೀರ್ಮಾನಿಸಿ ಉದ್ದಕ್ಕೆ ಕತ್ತರಿ ಹಾಕಿದ ನಾನು ಆ ಪಾಠವನ್ನೇ ಮರೆತಿದ್ದೆ. ಅವರ ಹನ್ನೊಂದು ಪ್ಯಾರಾಗಳೂ ನನ್ನ ಮೂರು ವಾಕ್ಯದ ನಿಯಮವೂ ಹೊರಗಿನಿಂದ ಎಷ್ಟೇ ಬೇರೆಯಾಗಿ ಕಂಡರೂ ಕೇಳಿದವರನ್ನು ವಿಚಾರಿಸದೆ ಹೊರಟಂಥವು.

ಮುಂದಿನ ಭೇಟಿಯಲ್ಲಿ ನಾವಿಬ್ಬರೂ ಸೇರಿ ಆ ‘ಮಬ್ಬು ನೀರಿನ’ ಪ್ರಶ್ನೆಗೆ ಕಾಗದದ ಮೇಲೆ ಮತ್ತೊಮ್ಮೆ ಉತ್ತರ ಬರೆದೆವು. ಆಪ್ತಸಲಹೆಯ ಕೋಣೆಯಲ್ಲಿ ಇದೇನು ಪಾಠ ಹೇಳಿದಂತೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದುಂಟು. ನಿವೃತ್ತಿಯ ಒಂಟಿತನ, ತಾನು ಬೇಡವಾದೆನೆಂಬ ಭಾವ, ಇವುಗಳ ಬಗ್ಗೆ ಮಾತಾಡಬೇಕಿತ್ತೆಂಬುದು ಅವರ ವಾದ. ಮಾತಾಡಿದೆವು. ಆದರೆ ಮನುಷ್ಯನಿಗೆ ರಾತ್ರಿ ನಿದ್ದೆಗೆಡಿಸುತ್ತಿರುವುದು ಒಂದು ಕೆಲಸವಾದರೆ ಆ ಕೆಲಸವನ್ನು ಮುಟ್ಟದೆ ಅದರ ಹಿಂದಿನ ಭಾವನೆಯನ್ನಷ್ಟೇ ಕೆದಕುವುದರಲ್ಲಿ ನನಗೆ ನಂಬಿಕೆಯಿಲ್ಲ.

ಉತ್ತರದ ಒಂದೊಂದು ವಾಕ್ಯಕ್ಕೂ ಒಂದೇ ಪರೀಕ್ಷೆ ಒಡ್ಡಿದೆವು: ಇದನ್ನು ಬಿಟ್ಟರೆ ಮೀನಿಗೆ ಕೇಡಾಗುತ್ತದೆಯೇ, ಅಥವಾ ಬರೆದವರ ಪಾಂಡಿತ್ಯಕ್ಕೆ ಮಾತ್ರವೇ? ‘ಕಾಲು ಭಾಗ’ ಎಂಬ ಅಳತೆ ಉಳಿಯಿತು. ಸ್ಪಂಜನ್ನು ನಲ್ಲಿ ನೀರಿನಲ್ಲಿ ತೊಳೆಯಬೇಡಿ ಎಂಬುದು ಉಳಿಯಿತು, ಹೊಸ ನೀರಿನ ಕ್ಲೋರಿನ್ ತೆಗೆಯಿರಿ ಎಂಬುದೂ ಉಳಿಯಿತು. ನೈಟ್ರೈಟು, ಪಿಎಚ್ಚು ಹೊರಬಿದ್ದವು. ಅವನ್ನು ಅಳಿಸುವಾಗ ಅವರ ಪೆನ್ನು ಒಂದು ಕ್ಷಣ ನಿಂತದ್ದನ್ನು ಗಮನಿಸಿದೆ. ಕೊನೆಗೆ ಅವರೇ ಒಂದು ಸಾಲು ಸೇರಿಸಿದರು: ‘ಟ್ಯಾಂಕ್ ಇಟ್ಟು ಎಷ್ಟು ದಿನವಾಯಿತು, ಎಷ್ಟು ಮೀನಿವೆ, ಫಿಲ್ಟರನ್ನು ಕೊನೆಯ ಸಲ ಹೇಗೆ ತೊಳೆದಿರಿ?’ ಆ ಸಾಲನ್ನು ಎಲ್ಲಕ್ಕಿಂತ ಮೊದಲು ಇಡಬಹುದಲ್ಲವೇ ಎಂದೆ. ಮೀನು ಸಾಯುತ್ತಿರುವಾಗ ಪ್ರಶ್ನೆ ಮೊದಲು ಬಂದರೆ ಓದುವವರಿಗೆ ರೇಗುತ್ತದೆ, ಕೈಗೊಂದು ಕೆಲಸ ಕೊಟ್ಟು ಆಮೇಲೆ ಕೇಳಬೇಕು ಎಂದರು. ಅವರ ಮಾತೇ ಸರಿ. ಈಗ ಅದೇ ಕ್ರಮವನ್ನು ಛಾಯಾಗ್ರಹಣದ ಹವ್ಯಾಸಿಯೊಬ್ಬರಿಗೂ ಹೇಳಿದ್ದೇನೆ. ಅವರದು ತದ್ವಿರುದ್ಧದ ಕಾಯಿಲೆ, ಯಾರು ಏನು ಕೇಳಿದರೂ ‘ಮ್ಯಾನುಯಲ್ ಓದಿ’ ಎನ್ನುವುದು.

ಕೊನೆಯ ಭೇಟಿಯಲ್ಲಿ ಅವರು ಮತ್ತೊಂದು ಉತ್ತರವನ್ನು ತೋರಿಸಿದರು. ಆರು ಸಾಲು, ಕೊನೆಯಲ್ಲಿ ಪ್ರಶ್ನೆ. ಕೇಳಿದವರು ‘11 ದಿನ, 9 ಮೀನು, ತೊಳೆದೇ ಇಲ್ಲ’ ಎಂದು ಉತ್ತರಿಸಿ, ನೀರು ಬದಲಿಸಿದ ಮರುದಿನ ಮೀನುಗಳು ಕೆಳಗಿಳಿದು ಈಜುತ್ತಿವೆಯೆಂದು ತಿಳಿಸಿ, ಅದರ ಕೆಳಗೆ ‘ಇದು ಯಾಕೆ ಹೀಗಾಗುತ್ತದೆ ಸರ್?’ ಎಂದು ಕೇಳಿದ್ದರು. ಆ ‘ಯಾಕೆ’ಗೆ ಅವರು ಬರೆದಿದ್ದ ಉತ್ತರ ಕಿವಿರಿನಿಂದ ಶುರುವಾಗಿ ಎಂದಿನಷ್ಟೇ ಉದ್ದವಿತ್ತು. ನಾನು ಅದನ್ನು ಪೂರ್ತಿ ಓದಲಿಲ್ಲ. ಕೇಳಿದವರು ಓದಿದ್ದರು, ಕೆಳಗೆ ಇನ್ನೂ ಎರಡು ಪ್ರಶ್ನೆಗಳಿದ್ದವು.