ಕಾಲೇಜಿಗೆ ಕಳಿಸುವ ಮೊದಲು

ಪತ್ರ: ನಾನು ಮೂಡಿಗೆರೆ ಕಡೆಯ ಒಬ್ಬ ಸಭಾಹಿರಿಯ. ನಮ್ಮದು ಚಿಕ್ಕ ಕ್ರೈಸ್ತ ಸಭೆ, ತೋಟದ ಕೆಲಸದವರೇ ಜಾಸ್ತಿ. ಪಾಸ್ಟರಿಗೆ ಬೇರೆ ಸಭೆಗಳೂ ಇರುವುದರಿಂದ ತಿಂಗಳಿಗೊಮ್ಮೆ ಬರುತ್ತಾರೆ. ಸಂಡೇ ಸ್ಕೂಲನ್ನು ಎಸ್ಟೇಟಿನಲ್ಲಿ ದುಡಿಯುವ ಅಕ್ಕ ಒಬ್ಬರು ನೋಡಿಕೊಳ್ಳುತ್ತಾರೆ. ಪಿಯುಸಿ ಮುಗಿಸಿದ ಒಬ್ಬ ಹುಡುಗ ತುಂಬಾ ಚೆನ್ನಾಗಿ ಪ್ರಸಂಗ ಮಾಡುತ್ತಾನೆ. ಈ ವರ್ಷವೇ ಅವನನ್ನು ಥಿಯಾಲಜಿ (ದೇವಶಾಸ್ತ್ರ) ಓದಲು ಕಳಿಸೋಣವೇ?

ಉತ್ತರ: ಪ್ರಿಯ ಸಹೋದರರೇ, ಕಳಿಸಿ. ಆದರೆ ಈ ವರ್ಷ ಬೇಡ.

ಚೆನ್ನಾಗಿ ಮಾತಾಡುತ್ತಾನೆ ಅನ್ನೋದು ಬಿಟ್ಟರೆ ಅವನ ಬಗ್ಗೆ ನೀವು ಬೇರೇನೂ ಬರೆದಿಲ್ಲ. ಕಾಯಿಲೆ ಬಿದ್ದವರ ಮನೆಗೆ ಹೋಗುತ್ತಾನಾ? ತೋಟದ ಕೆಲಸದವರ ಲೈನ್ ಮನೆಯಲ್ಲಿ ಗಂಡ ಹೆಂಡತಿ ಜಗಳ ಆದಾಗ ಕಿವಿಗೆ ಬಿದ್ದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಾನಾ? ಇದನ್ನೆಲ್ಲ ಊರಲ್ಲಿರುವ ನೀವೇ ನೋಡಬೇಕು, ಅಲ್ವಾ?

ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೋಡಿ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಾರೆ ಅಂತ ಗೊಣಗಾಟ ಎದ್ದಿತು. ಅದಕ್ಕೇ ಏಳು ಜನರನ್ನು ಆರಿಸಿದರು. ಆರಿಸಿದ್ದು ಸಭೆಯವರೇ, ಅವರ ಒಳ್ಳೆಯ ಹೆಸರು ನೋಡಿ. ಅವರಲ್ಲಿ ಸ್ತೆಫನ, ಫಿಲಿಪ್ಪ ಮುಂದೆ ದೊಡ್ಡ ಬೋಧಕರಾದರು. ಮೊದಲು ಊಟದ ಪಂಕ್ತಿ, ಆಮೇಲೆ ಪ್ರಸಂಗ.

ಹಾಗಾಗಿ ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವ ಮೇಜಿಗೆ ಅವನನ್ನು ಕರೆಯಿರಿ. ಚಿಲ್ಲರೆ ಬೇರೆ, ನೋಟು ಬೇರೆ. ಇಬ್ಬರು ಎಣಿಸಿ, ಪುಸ್ತಕದಲ್ಲಿ ಬರೆದು, ಇಬ್ಬರೂ ಸಹಿ ಹಾಕಬೇಕು. ಹತ್ತು ರೂಪಾಯಿ ಕಡಿಮೆ ಬಿದ್ದರೆ ಜೇಬಿನಿಂದ ಹಾಕಿ ಸರಿಮಾಡೋದು ಬೇಡ. ಮತ್ತೆ ಎಣಿಸಲಿ. ಬೋಧನೆಯಲ್ಲಿ ಒಂದು ಮಾತು ಹೆಚ್ಚುಕಮ್ಮಿ ಆದರೆ ಜನ ತಡೆದುಕೊಳ್ಳುತ್ತಾರೆ, ಲೆಕ್ಕ ತಪ್ಪಿದರೆ ತಡೆದುಕೊಳ್ಳೋದಿಲ್ಲ. ಪಾಸ್ಟರು ಸಾವಿನ ಮನೆಗೆ ಹೊರಟಾಗಲೂ ಜೊತೆಗೆ ಕಳಿಸಿ. ಅಲ್ಲಿ ಯಾವಾಗ ಪ್ರಾರ್ಥನೆ ಮಾಡಬೇಕು, ಯಾವಾಗ ಸುಮ್ನೆ ಕೂರಬೇಕು ಅನ್ನೋದು ನೋಡಿಯೇ ಬರಬೇಕು.

ಕಾಲೇಜು ಬೇಡ ಅಂತ ನಾನು ಹೇಳುತ್ತಿಲ್ಲ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ, ಥಿಯಾಲಜಿ ಪದವಿ ಕೊಡುವ ಸೆರಾಂಪುರದ ಸೆನೆಟ್‌ಗೆ ಸೇರಿದ್ದು. ಬೈಬಲನ್ನು ಅದರ ಕಾಲ, ಭಾಷೆ, ಚರಿತ್ರೆಯ ಜೊತೆ ಗುರುಗಳ ಹತ್ತಿರ ಕೂತು ಓದಲೇಬೇಕು. ಒಂದು ವಚನ ಹಿಡಿದು ಬಾಯಿಗೆ ಬಂದದ್ದು ಹೇಳುವ ಚಟಕ್ಕೆ ಅದೇ ಮದ್ದು.

ಆದರೆ ಹುಡುಗ ಓದಲು ಹೋದರೆ ವರ್ಷಗಟ್ಟಲೆ ಸಭೆ ಯಾರ ಕೈಲಿ? ಪಾಸ್ಟರಾದ ಮೇಲೂ ಅವನನ್ನು ಬೇರೆ ಊರಿಗೆ ಹಾಕಬಹುದು. ಊರಲ್ಲೇ ಉಳಿಯುವವರು ತಯಾರಾಗಬೇಡವೇ? ಗ್ವಾಟೆಮಾಲಾ ದೇಶದ ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟಂಟ್ ಪಂಗಡದ ಸಭೆಗೂ ಇದೇ ತಲೆನೋವಿತ್ತು. ಹೊಲ, ಸಂಸಾರ ಬಿಟ್ಟು ಸೆಮಿನರಿಗೆ (ಪಾಸ್ಟರುಗಳನ್ನು ತಯಾರು ಮಾಡುವ ಶಾಲೆಗೆ) ಬರಲಾಗದ ಹಳ್ಳಿ ಮುಖಂಡರಿಗಾಗಿ 1963ರಲ್ಲಿ ಅವರು ಸೆಮಿನರಿಯನ್ನೇ ಹಳ್ಳಿಗೆ ಒಯ್ದರು. ಮನೆಯಲ್ಲಿ ಪಾಠ ಓದೋದು, ವಾರಕ್ಕೊಮ್ಮೆ ಗುರುಗಳ ಜೊತೆ ಕೂತು ಚರ್ಚಿಸೋದು, ಕಲಿತದ್ದನ್ನು ತಮ್ಮ ಸಭೆಯಲ್ಲೇ ಮಾಡಿ ನೋಡೋದು. ನಮ್ಮ ದೇಶದಲ್ಲಿ ಬೆಂಗಳೂರಿನ ಟ್ಯಾಫ್ಟೀ (TAFTEE) ಎಂಬ, ಇದ್ದಲ್ಲೇ ಥಿಯಾಲಜಿ ಕಲಿಸುವ ಸಂಸ್ಥೆ 1971ರಿಂದ ಈ ಕೆಲಸ ಮಾಡಿಕೊಂಡು ಬಂದಿದೆ.

ಈ ಪಾಠಕ್ಕೆ ನಿಮ್ಮ ಸಂಡೇ ಸ್ಕೂಲ್ ಅಕ್ಕ ಹೇಳಿ ಮಾಡಿಸಿದ ಹಾಗಿದ್ದಾರೆ. ಅವರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ದಿನವಿಡೀ ತೋಟದಲ್ಲಿ ದುಡಿದೂ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಕಲಿಸುವವರು ಆಗಲೇ ನಿಮ್ಮ ಸಭೆಯ ಮುಖಂಡರು. ಅವರ ಕೈಗೆ ಪುಸ್ತಕ ಕೊಟ್ಟವರು ಯಾರೂ ಇಲ್ಲ, ಅಷ್ಟೇ.

ಕಾಫಿ ಕುಯ್ಲು ಮುಗಿದು ಸಂಜೆ ಹೊತ್ತು ಸ್ವಲ್ಪ ಬಿಡುವಾದ ಮೇಲೆ, ಪಾಸ್ಟರು ಬಂದಾಗ ಇಬ್ಬರನ್ನೂ ಕೂರಿಸಿ ಮಾತಾಡಿ. ಅಕ್ಕನ ಪಾಠದ ಖರ್ಚು ಸಭೆಯೇ ಕೊಡಲಿ.