ಬೇಸ್ ಗಿಟಾರ್ ಪ್ರಶ್ನೋತ್ತರ: ಏನು ನುಡಿಸಿದರೂ ರಾಕ್ ಥರವೇ ಕೇಳುತ್ತದಲ್ಲ!

ಪ್ರಶ್ನೆ: ಒಂದು ವರ್ಷದಿಂದ ಬೇಸ್ ಗಿಟಾರ್ ಕಲಿಯುತ್ತಿದ್ದೇನೆ. ಫಂಕ್ ಇರಲಿ, ರೆಗ್ಗೆ ಇರಲಿ, ಸ್ವರಗಳೇನೋ ಸರಿಯಾಗಿಯೇ ಬರುತ್ತವೆ. ಆದರೆ ಕೇಳಿದವರು ಎಲ್ಲವೂ ರಾಕ್ ಥರವೇ ಇದೆ ಎನ್ನುತ್ತಾರೆ. ಸ್ಲ್ಯಾಪ್, ಅಂದರೆ ಹೆಬ್ಬೆರಳಿನಿಂದ ತಂತಿಗೆ ಹೊಡೆದು ನುಡಿಸುವುದನ್ನು ಕಲಿಯಲು ಶುರು ಮಾಡಲೇ?

ಉತ್ತರ: ಸ್ಲ್ಯಾಪ್ ಸ್ವಲ್ಪ ಕಾಯಲಿ. ನಿಮ್ಮ ವಾದನ ಕೇಳದೆಯೇ ಒಂದು ಊಹೆ ಮಾಡುತ್ತೇನೆ: ಮೀಟುವ ಕೈ ಯಾವಾಗಲೂ ತಂತಿಯ ಕಂಪನ ಹಿಡಿಯುವ ಪಿಕಪ್ ಮೇಲೆ ಒಂದೇ ಕಡೆ ಕೂತಿರುತ್ತದೆ, ಪ್ರತಿ ಸ್ವರವೂ ಮುಂದಿನದು ಬರುವ ತನಕ ಗುಂಯ್‌ಗುಡುತ್ತಲೇ ಇರುತ್ತದೆ. ನನ್ನ ಬಳಿ ಕಲಿಯಲು ಬರುವ ಬಹುತೇಕರದ್ದು ಇದೇ ಕಥೆ. ಸ್ವರ ಹೊರಡಿಸುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ, ನಿಲ್ಲಿಸುವುದನ್ನು ಯಾರೂ ಮಾಡುವುದಿಲ್ಲ. ಶೈಲಿಯಿಂದ ಶೈಲಿಗೆ ಬದಲಾಗುವುದರಲ್ಲಿ ಅರ್ಧ ಪಾಲು ಈ ನಿಲುಗಡೆಯೇ.

ರೆಗ್ಗೆಯಿಂದ ಶುರು ಮಾಡಿ. ಟೋನ್ ಗುಂಡಿಯನ್ನು ಇಳಿಸಿ, ಕೈಯನ್ನು ಫ್ರೆಟ್‌ಬೋರ್ಡ್ (ಎಡಗೈ ಬೆರಳೊತ್ತುವ, ಫ್ರೆಟ್ ಎಂಬ ಅಡ್ಡಪಟ್ಟಿಗಳಿರುವ ಹಲಗೆ) ಮುಗಿಯುವಲ್ಲಿಗೆ ಸರಿಸಿ. ಅಲ್ಲಿ ತಂತಿ ಮೆದುವಾಗಿ ಅಲುಗುತ್ತದೆ, ದನಿ ದುಂಡಗಾಗುತ್ತದೆ. ಒನ್ ಡ್ರಾಪ್ ಎಂಬ ರೆಗ್ಗೆ ಲಯದಲ್ಲಿ ಡ್ರಮ್ಮಿನ ಒತ್ತು ಬೀಳುವುದು ಮೂರನೇ ಬಡಿತಕ್ಕೆ, ಮೊದಲನೆಯದು ಖಾಲಿ. ಬೇಸ್ ಕೂಡ ಎಷ್ಟೋ ಸಲ ಆ ಜಾಗ ಬಿಟ್ಟೇ ಒಳಗೆ ಬರುತ್ತದೆ. ಬಾಬ್ ಮಾರ್ಲಿಯ ವೇಲರ್ಸ್ ತಂಡದ ಬೇಸಿಸ್ಟ್ ಆಸ್ಟನ್ ಬ್ಯಾರೆಟ್ ಅವರನ್ನು ಕೇಳುವಾಗ ಸ್ವರ ಲೆಕ್ಕ ಹಾಕಬೇಡಿ, ಸ್ವರವಿಲ್ಲದ ಜಾಗಗಳನ್ನು ಗುರುತು ಮಾಡಿಕೊಳ್ಳಿ.

ಫಂಕ್‌ನಲ್ಲಿ ಮೊದಲ ಬಡಿತವೇ ಯಜಮಾನ. ಅದನ್ನು ಗಟ್ಟಿಯಾಗಿ ಹೊಡೆದು, ಉಳಿದ ಬಡಿತಗಳನ್ನು ನಾಲ್ಕು ನಾಲ್ಕಾಗಿ ಸೀಳಿ ಚುಟುಕು ಸ್ವರ ತುಂಬಬೇಕು. ಎಡಗೈ ಬೆರಳನ್ನು ತಂತಿಯಿಂದ ಎತ್ತದೆ ಒತ್ತಡ ಮಾತ್ರ ಸಡಿಲಿಸಿ ಮೀಟಿದರೆ ಬರಿಯ ‘ಟಕ್’ ಬರುತ್ತದೆ. ಗೋಸ್ಟ್ ನೋಟ್ ಎಂದರೆ ಅದೇ. ಎರಡು ಬೆರಳು ತಾಗಿಸಿ, ಒಂದೇ ಆದರೆ ಕೆಲವು ಫ್ರೆಟ್‌ಗಳ ಮೇಲೆ ಹಾರ್ಮೋನಿಕ್ ಸಿಳ್ಳೆ ಹಾಕಿ ಮಾನ ಕಳೆಯುತ್ತದೆ.

ಇದು ಕೈಗೆ ಕೂತ ಮೇಲೆ ಸ್ಲ್ಯಾಪ್. ಬೇಸಿಸ್ಟ್ ಲ್ಯಾರಿ ಗ್ರಹಾಂ ತಾಯಿಯ ಜೊತೆ ಡ್ರಮ್ಮರ್ ಇಲ್ಲದೆ ನುಡಿಸುತ್ತಿದ್ದಾಗ ಹೆಬ್ಬೆರಳ ಏಟಿನಿಂದ ಬೇಸ್ ಡ್ರಮ್ಮಿನ, ತೋರುಬೆರಳ ಸೆಳೆತದಿಂದ ಸ್ನೇರ್ ಡ್ರಮ್ಮಿನ ಕೊರತೆ ತುಂಬಿಕೊಂಡರು. ಹಾಗಾಗಿ ಅದನ್ನು ತಾಳವಾದ್ಯದ ಕೆಲಸವೆಂದೇ ಕಲಿಯಿರಿ. ಹೆಬ್ಬೆರಳ ಗಂಟಿನ ಮೂಳೆ ಕೊನೆಯ ಫ್ರೆಟ್ ಹತ್ತಿರ ತಗುಲಿ ತಕ್ಷಣ ಪುಟಿಯಬೇಕು. ಬಲ ಬರಬೇಕಾದದ್ದು ಮಣಿಕಟ್ಟು ತಿರುಗುವುದರಿಂದ, ತೋಳಿನಿಂದ ಬಂದರೆ ಬೇಗ ನೋವು ಶುರುವಾಗುತ್ತದೆ.

ಪ್ರಶ್ನೆ: ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು ನುಡಿಸುವವರು ನಿಜವಾದ ಬೇಸಿಸ್ಟ್ ಅಲ್ಲ ಎಂದು ಗೆಳೆಯ ಛೇಡಿಸುತ್ತಾನೆ.

ಉತ್ತರ: ಬೇಸ್ ವಾದಕಿ ಕ್ಯಾರಲ್ ಕೇ ಹೆಸರು ಹೇಳಿ ಸುಮ್ಮನಾಗಿ. 1960ರ ದಶಕದ ಅಸಂಖ್ಯ ರೆಕಾರ್ಡಿಂಗ್‌ಗಳಲ್ಲಿ ಅವರು ಪಿಕ್‌ನಿಂದಲೇ ನುಡಿಸಿದರು, ತಂತಿ ಗುಂಯ್‌ಗುಡದಂತೆ ತಂತಿಗಳ ಬುಡದ ಬ್ರಿಡ್ಜ್ ಬಳಿ ಫೆಲ್ಟ್ ತುಂಡು ಇಡುತ್ತಿದ್ದರು. ಅದೇ ಕಾಲದ ಬೇಸಿಸ್ಟ್ ಜೇಮ್ಸ್ ಜೇಮರ್‌ಸನ್ ಮೀಟುತ್ತಿದ್ದುದು ತೋರುಬೆರಳೊಂದರಿಂದಲೇ. ಐರನ್ ಮೇಡನ್‌ನ ಸ್ಟೀವ್ ಹ್ಯಾರಿಸ್ ಕುದುರೆ ಓಟದಂಥ ಮೆಟಲ್ ಲಯವನ್ನು ಬೆರಳಲ್ಲೇ ಓಡಿಸುತ್ತಾರೆ. ಇದರಲ್ಲಿ ಜಾತಿಭೇದ ಬೇಡ.

ಪ್ರಶ್ನೆ: ಜಾಸ್ ವಾಕಿಂಗ್ ಬೇಸ್ ಎಲ್ಲಿಂದ ಆರಂಭಿಸಲಿ?

ಉತ್ತರ: ಮೊದಲ ಪ್ರಶ್ನೆಗೆ ಹೇಳಿದ ನಿಲುಗಡೆಯ ಮಾತು ಇಲ್ಲಿ ತಿರುವುಮುರುವಾಗುತ್ತದೆ. ನಾಲ್ಕು ಬಡಿತಕ್ಕೆ ನಾಲ್ಕು ಸ್ವರ, ಒಂದು ಇನ್ನೊಂದಕ್ಕೆ ತಾಗಿಕೊಂಡೇ ನಡೆಯಬೇಕು. ಡಿ ಮೈನರ್, ಜಿ ಸೆವೆಂತ್, ಸಿ ಮೇಜರ್ ಎಂಬ ಮೂರು ಕಾರ್ಡ್ ಸಾಕು. ಡಿ, ಎಫ್, ಎ, ಎ ಫ್ಲಾಟ್, ಅಲ್ಲಿಂದ ಜಿ, ಬಿ, ಡಿ, ಡಿ ಫ್ಲಾಟ್, ಸಿ. ನಾಲ್ಕನೇ ಸ್ವರ ಪ್ರತಿ ಸಲವೂ ಮುಂದಿನ ಕಾರ್ಡಿನ ಮೂಲಸ್ವರಕ್ಕೆ ಅರ್ಧ ಸ್ವರ ಮೇಲಿದೆ, ಕಿವಿಯನ್ನು ಎಳೆಯುವುದು ಅದೇ. ಮೆಟ್ರೊನೋಮನ್ನು 60ಕ್ಕೆ ಇಟ್ಟು, ಅದರ ಸದ್ದನ್ನು 2 ಮತ್ತು 4ನೇ ಬಡಿತ ಎಂದುಕೊಂಡು ನುಡಿಸಿ. ಆಗ ವೇಗ 120 ಆಗುತ್ತದೆ, 1 ಮತ್ತು 3ರ ಹೊಣೆ ಪೂರ್ತಿ ನಿಮ್ಮದೇ.