ಸ್ವಂತಕ್ಕೆ ಸೂರಿಲ್ಲ, ಮೇಲೆ ದೊಡ್ಡ ಕಾಯಿಲೆ. ಅಂಥವರು ಇನ್ನೊಬ್ಬರಿಗೆ ನೆರವಾಗೋಕೆ ಆಗುತ್ತಾ?

ಆಗುತ್ತದೆ. ವಾಸಿಯಾದ ಮೇಲಲ್ಲ, ಕಾಯಿಲೆ ಇರುವಾಗಲೇ ಆಗುತ್ತದೆ. ನನಗೆ ಆಗಿದ್ದನ್ನೇ ಹೇಳುತ್ತೇನೆ.

ಮೈಸೂರಿನ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಊಟವೂ ಅಲ್ಲೇ, ಮಲಗುವುದೂ ಅಲ್ಲೇ. ಕೆಮ್ಮು ಹತ್ತಿಕೊಂಡಿತು. ಸಂಜೆಯಾದರೆ ಜ್ವರ, ರಾತ್ರಿ ಬೆವರು, ಮೈ ಇಳಿದುಹೋಯಿತು. ಮಾಲೀಕರು ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಕೆಲಸದ ಜೊತೆಗೆ ಮಲಗುವ ಜಾಗವೂ ಹೋಯಿತು. ಊರಲ್ಲಿ ನನ್ನವರು ಅಂತ ಯಾರೂ ಉಳಿದಿರಲಿಲ್ಲ. ದೇವರಾಜ ಮಾರುಕಟ್ಟೆ ಸುತ್ತಮುತ್ತಲ ಅಂಗಡಿ ಜಗಲಿಗಳೇ ಗತಿಯಾದವು. ಅಲ್ಲಿ ಹೂ ಮಾರುವ ಅಕ್ಕ ಒಬ್ಬರು ಬೈದು ಬೈದು ದೊಡ್ಡಾಸ್ಪತ್ರೆಗೆ ಅಟ್ಟಿದರು. ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು.

ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿಗೆ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಸಾಮಾನ್ಯ ಟಿಬಿಗೆ 6 ತಿಂಗಳ ಕೋರ್ಸ್. ಮಾತ್ರೆ ಸಿಗುತ್ತದೆ, ಆದರೆ ಬೀದಿಯಲ್ಲಿರುವವರಿಗೆ ಅದನ್ನು ಬಿಡದೆ ನುಂಗುವುದೇ ಕಷ್ಟ. ಹೊಟ್ಟೆಗಿಲ್ಲದೆ ನುಂಗಿದರೆ ಓಕರಿಕೆ. ಮಳೆ ಬಂದರೆ ಚೀಲ ನೆನೆಯುತ್ತದೆ. ನಿದ್ದೆ ಹತ್ತಿದಾಗ ಯಾರೋ ಚೀಲವನ್ನೇ ಎತ್ತಿಕೊಂಡು ಹೋಗುತ್ತಾರೆ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತಿರುತ್ತದೆ, ವಾಸಿಯಾಯ್ತಲ್ಲ ಅಂತ ಎಷ್ಟೋ ಜನ ಬಿಟ್ಟೇಬಿಡುತ್ತಾರೆ. ಹಾಗೆ ಬಿಟ್ಟರೆ ಕಾಯಿಲೆ ತಿರುಗಿ ಬರಬಹುದು, ಅದೂ ಈ ಮಾತ್ರೆಗಳಿಗೆ ಬಗ್ಗದ ಹಾಗೆ.

ನಾನು ಮಲಗುತ್ತಿದ್ದ ಜಗಲಿಯಲ್ಲೇ ಮಂಡ್ಯ ಕಡೆಯ ತಾತ ಒಬ್ಬರಿದ್ದರು. ಅವರಿಗೂ ಟಿಬಿ. ಮಾತ್ರೆ ಶುರುವಾದ ಹೊಸದರಲ್ಲಿ ಒಂದು ದಿನ ಬೆಳಗಿನ ಜಾವ ನನ್ನನ್ನು ಅಲುಗಾಡಿಸಿ ಎಬ್ಬಿಸಿದರು. "ರಕ್ತ ಹೋಯ್ತಾ ಅದೆ ಕಣಪ್ಪಾ, ಈ ಮಾತ್ರೆ ನನ್ನ ಉಳಿಸಾಕಿಲ್ಲ" ಅಂದರು. ಕೈ ನಡುಗುತ್ತಿತ್ತು. ಮಾತ್ರೆ ಶೀಟನ್ನು ಮೋರಿಗೆ ಎಸೆಯಲು ಹಿಡಿದುಕೊಂಡೇ ನಿಂತಿದ್ದರು. ಆ ಮಾತ್ರೆಯಲ್ಲಿ ರಿಫಾಂಪಿಸಿನ್ ಅಂತ ಒಂದು ಔಷಧಿ ಇರುತ್ತದೆ, ಅದರಿಂದ ಮೂತ್ರ ಕೆಂಪಗಾಗುತ್ತದೆ. ಅದು ರಕ್ತ ಅಲ್ಲ. ಆಸ್ಪತ್ರೆಯಲ್ಲಿ ಹೇಳಿಯೇ ಇರುತ್ತಾರೆ, ಆದರೆ ಆ ಜನಜಂಗುಳಿಯಲ್ಲಿ ವಯಸ್ಸಾದವರ ಕಿವಿಗೆ ಎಷ್ಟು ಬೀಳುತ್ತದೆ? "ನಂದೂ ಹಂಗೇ ಆಗ್ತಿದೆ ತಾತ, ಬಾ ತೋರಿಸ್ತೀನಿ" ಅಂತ ಕರೆದುಕೊಂಡು ಹೋದೆ. ನೋಡಿದ ಮೇಲೆ ಶೀಟು ಜೇಬಿಗೆ ಹೋಯಿತು. ನನ್ನ ಹತ್ತಿರ ಕಾಸಿರಲಿಲ್ಲ, ಓದೂ ಅಷ್ಟಕ್ಕಷ್ಟೇ. ಅದೇ ಕಾಯಿಲೆ ನನಗೂ ಇತ್ತು, ಅದಕ್ಕೇ ಅವರು ನಂಬಿದರು.

ಅಲ್ಲಿಂದ ಇಬ್ಬರೂ ಒಟ್ಟಿಗೇ ನುಂಗತೊಡಗಿದೆವು. ಮಾತ್ರೆ ಆದಮೇಲೆ ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಯ ತಿಂಡಿ. ಶೀಟುಗಳನ್ನು ಹೂವಿನಕ್ಕ ತಮ್ಮ ದುಡ್ಡಿನ ಡಬ್ಬದಲ್ಲೇ ಇಟ್ಟುಕೊಂಡರು, ಆ ಉಪಕಾರವನ್ನು ಮರೆಯುವಂತಿಲ್ಲ. ಏಳುವುದೇ ಬೇಡ ಅನ್ನಿಸಿದ ದಿನಗಳೂ ಇದ್ದವು. ತಾತ ಕಾಯುತ್ತಿರುತ್ತಾರಲ್ಲ ಅಂತ ಏಳುತ್ತಿದ್ದೆ. ಒಬ್ಬನೇ ಇದ್ದಿದ್ದರೆ ನಾನೂ ಬಿಟ್ಟಿರುತ್ತಿದ್ದೆ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಇಬ್ಬರದೂ ಕೋರ್ಸ್ ಮುಗಿಯಿತು.

ಈಗ ಅಕ್ಕನ ಅಂಗಡಿಯಲ್ಲೇ ಕೆಲಸ, ಒಂದು ಚಿಕ್ಕ ಬಾಡಿಗೆ ರೂಮು. ಬಿಡುವಾದಾಗ ಬೀದಿಯಲ್ಲಿರುವ ರೋಗಿಗಳಿಗೆ ಬ್ಯಾಂಕ್ ಖಾತೆ ಮಾಡಿಸಲು ಜೊತೆಗೆ ಹೋಗುತ್ತೇನೆ. ಟಿಬಿ ರೋಗಿಗಳ ಪೌಷ್ಟಿಕ ಆಹಾರಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ದುಡ್ಡು ಬರುತ್ತದೆ. ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1,000 ಆಗಿದೆ. ಆದರೆ ಅದು ಬರುವುದು ಖಾತೆಗೆ. ಖಾತೆಯೇ ಇಲ್ಲದವರು ಜಾಸ್ತಿ ಇರುವುದು ಬೀದಿಯಲ್ಲೇ ಅಲ್ವಾ?

ನಿಮ್ಮ ಕಣ್ಣಿಗೂ ಅಂಥವರು ಬಿದ್ದರೆ, ಎರಡು ವಾರಕ್ಕಿಂತ ಜಾಸ್ತಿ ಕೆಮ್ಮುತ್ತಿದ್ದರೆ, ಸುಮ್ನೆ ಬಿಸ್ಕೆಟ್ ಕೊಟ್ಟು ಮುಂದೆ ಹೋಗಬೇಡಿ. ಮಾಸ್ಕ್ ಹಾಕಿಕೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲೇ ಹೋಗಿ, ಕಫ ಕೊಡಿಸಿ. ರಿಪೋರ್ಟ್ ಬರುವ ದಿನವೂ ಅವರನ್ನು ಹುಡುಕಿಕೊಂಡು ಹೋಗಿ. ಅಷ್ಟರಲ್ಲಿ ಅವರು ಮಲಗುವ ಜಾಗ ಬದಲಾಗಿರುತ್ತದೆ, ಹಾಗಾಗಿ ರಾತ್ರಿ ಎಲ್ಲಿರುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಂಡಿರಿ.